ಇಂದಿನ ಧಮ್ಮ ಚಿಂತನೆ: ಹಿನ್ನೀರು ಇಳಿದಾಗ ಕಂಡ ಊರು

ಧಮ್ಮ ಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಪಾಳಿ ನನ್ನದು. ಹೋದ ಭಾನುವಾರ ನಮ್ಮ ಬಳಗದಲ್ಲಿ ಓದಿದ ವಿಡೂಡಭನ ಕಥೆಯನ್ನೇ ಮುಂದುವರಿಸಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಮೊಬೈಲಿಗೆ ಒಂದು ಫೋಟೋ ಬಂತು. ನಾಲ್ಕು ದಿನವಾದರೂ ಅದು ತಲೆಯಿಂದ ಹೋಗಿಲ್ಲ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ. ವಿಡೂಡಭನೂ ನಡುವೆ ಬರುತ್ತಾನೆ.

ನಮ್ಮೂರು ಈಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹೋದ ಊರುಗಳಲ್ಲಿ ಅದೂ ಒಂದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ಅದು. ನೀರು ನಮ್ಮ ಹೊಸ್ತಿಲಿಗೆ ಬರುವ ಹೊತ್ತಿಗೆ ನಾನು ಪಿಯುಸಿ ಮುಗಿಸಿದ್ದೆ. ಈಗ ಮಳೆಗಾಲದಲ್ಲಿ ಜಲಾಶಯ 519.60 ಮೀಟರಿಗೆ ತುಂಬಿದರೆ ಊರಿದ್ದ ಜಾಗದಲ್ಲಿ ಬರೀ ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮಾತ್ರ ಗುಡಿಯ ಕಂಬ, ಹೊಳೆಯ ಮೆಟ್ಟಿಲು, ಮನೆಗಳ ಬುನಾದಿ ಕಲ್ಲು ಒಂದೊಂದಾಗಿ ಮೇಲೇಳುತ್ತವೆ. ಆಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸುವ ಮಾತೂ ಇದೆ. ಆಗ ಇನ್ನಷ್ಟು ಊರುಗಳವರು ನಮ್ಮ ಹಾಗೆ ಫೋಟೋ ನೋಡುತ್ತ ಕೂರುತ್ತಾರೆ.

ಫೋಟೋ ಕಳಿಸಿದವರು ಹಳೇ ಊರಿನ ಮೇಲಿನ ಓಣಿಯವರು. ಒಡೆದ ಕೆಸರು, ಗುಡಿಯ ಎರಡು ಕಂಬ, ಹಿಂದೆ ನದಿ. ಕೆಳಗೆ "ಆ ದಿನಗಳು ಮತ್ತೆ ಬರಬಾರದೇ" ಎಂದು ಬರೆದು ಅಳುವ ಮುಖ ಹಾಕಿದ್ದರು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣೂ ತುಂಬಿತು.

ಹಿಂದೆಯೇ ಇನ್ನೊಂದು ಸಂದೇಶ ಬಂತು. ಹಳೇ ಊರಿನವರೆಲ್ಲ ಪುನರ್ವಸತಿ ಕೇಂದ್ರದಲ್ಲಿ ಒಂದು ದಿನ ಸೇರಬೇಕು. ಶಾಲೆಯ ಹಳೇ ಗುರುಗಳಿಗೆ ಸನ್ಮಾನ, ಮೆರವಣಿಗೆ, ಊಟ. "ಎಲ್ಲಾ ಹಿಂದಿನಂಗ ಆಗಬೇಕು." ಯಾರಿಗೆ ಯಾವ ಕೆಲಸ ಎಂಬ ಪಟ್ಟಿ. ಅದರ ಕೊನೆಗೆ ಎರಡೇ ಪದ: "ಹಲಗಿ: ಕೇರಿಯವರು."

ಸಂಜೆ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಏನ್ ಹೇಳ್ಲಿ? ದೊಡ್ಡಪ್ಪ ಬಾರಿಸಿದಂಗ ಯಾರೂ ಬಾರಿಸಂಗಿಲ್ಲ ಅಂತ ಅವರ ಬರದಾರ. ನನಗೂ ಆಸೆ ಆಗೇತಿ."

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ಬಂಧುಗಳೇ. ಯಾಕೆಂದರೆ ಹಲಗಿ ಅಂದರೆ ನನಗೂ ಅಪ್ಪನೇ. ಚಳಿಗಾಲದ ನಸುಕಿನಲ್ಲಿ ಕಣಿಕೆ ಉರಿ ಹಾಕಿ ಹಲಗಿ ಕಾಯಿಸುತ್ತಿದ್ದ. ಬೆರಳ ತುದಿಯಿಂದ ತಟ್ಟಿ ನೋಡಿ, ಸಾಲದು ಎಂದು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದ. ಒಳಗೆ ಆಯಿ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಹಲಗಿಯ ಸಪ್ಪಳ. ಆ ಎರಡರ ನಡುವೆ ಕಂಬಳಿಯೊಳಗೆ ಮಲಗಿದ್ದ ಹುಡುಗ ನಾನು. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಬೆಳೆದ ಸೌತೆಕಾಯಿ, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ. ಇವೆಲ್ಲ ನಿಜ. ಇವನ್ನು ನೆನೆದರೆ ಧಮ್ಮಕ್ಕೆ ದ್ರೋಹವಾಗುತ್ತದೆ ಎಂದು ನಾನು ಒಪ್ಪುವುದಿಲ್ಲ.

ಆದರೆ ಅದೇ ಅಪ್ಪ ರಾಶಿಯ ದಿನಗಳಲ್ಲಿ ಆಯಕ್ಕಾಗಿ ಕಣದ ಹೊರಗೆ ಹೊತ್ತು ಮುಳುಗುವ ತನಕ ನಿಂತಿರುತ್ತಿದ್ದ. ವರ್ಷವಿಡೀ ಡಂಗುರ ಸಾರಿದ್ದಕ್ಕೆ, ಹಲಗಿ ಬಾರಿಸಿದ್ದಕ್ಕೆ ಕೊನೆಗೆ ಉಳಿದ ಕಡ್ಡಿ ಕಸದ ಜೋಳ. ಅದನ್ನೂ ಮೇಲಿಂದ ಸುರಿಯುತ್ತಿದ್ದರು, ಅಪ್ಪ ಸೆರಗಿನಂತೆ ಪಂಚೆ ಒಡ್ಡುತ್ತಿದ್ದ. ಫೋಟೋ ನೋಡಿ ಅತ್ತ ನಾಲ್ಕು ನಿಮಿಷದಲ್ಲಿ ಆ ಪಂಚೆ ನನ್ನ ನೆನಪಿಗೆ ಬರಲೇ ಇಲ್ಲ. ಅದು ಬಂದದ್ದು "ಹಲಗಿ: ಕೇರಿಯವರು" ಎಂಬುದನ್ನು ಓದಿದ ಮೇಲೆ.

ಮಜ್ಝಿಮ ನಿಕಾಯದ ಭದ್ದೇಕರತ್ತ ಸುತ್ತದಲ್ಲಿ ತಥಾಗತರು ಗತಿಸಿದ್ದರ ಬೆನ್ನು ಹತ್ತಬೇಡಿ ಎನ್ನುತ್ತಾರೆ. ನಮ್ಮಲ್ಲಿ ಹಲವರು ಇದನ್ನು ಹಳೆಯದನ್ನು ಮರೆತುಬಿಡಿ ಎಂದು ಅರ್ಥ ಮಾಡುತ್ತಾರೆ. ಹಾಗಿಲ್ಲ. ಬೆನ್ನು ಹತ್ತುವುದೆಂದರೇನು ಎಂಬುದನ್ನು ಅವರೇ ಅಲ್ಲಿ ಬಿಡಿಸಿದ್ದಾರೆ: ಹಿಂದೆ ನಾನು ಹೀಗಿದ್ದೆ, ನನಗೆ ಹೀಗೆ ಅನ್ನಿಸುತ್ತಿತ್ತು ಎಂದುಕೊಂಡು ಅದರಲ್ಲಿ ಸುಖ ಹುಡುಕುತ್ತ ಕೂರುವುದು. ನಾವು ದಿನಾ ಹೇಳುವ "ಸತಿ" ಎಂಬ ಪಾಲಿ ಪದಕ್ಕೂ ಮೂಲದಲ್ಲಿ ಸ್ಮೃತಿ, ನೆನಪು ಎಂದೇ ಅರ್ಥ. ಸುಖ ಹುಡುಕುವ ನೆನಪಿಗೆ ಸೌತೆಕಾಯಿ ಸಾಕು. ಸತಿಗೆ ಅಪ್ಪನ ಪಂಚೆಯೂ ಬೇಕು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಅವ್ವನನ್ನು ಹಳೇ ಊರಿಗೆ ಕರೆದುಕೊಂಡು ಹೋಗಿದ್ದೆ. ಅವಳೇ ಹಟ ಹಿಡಿದಿದ್ದಳು. ಗಾಡಿ ನಿಲ್ಲಿಸಿ ಒಣಗಿದ ಕೆಸರಿನಲ್ಲಿ ಒಂದು ಮೈಲಿ ನಡೆದೆವು. ಮೂವತ್ತು ವರ್ಷ ಬಾಳಿದ ಮನೆ ಎಲ್ಲಿತ್ತೆಂದು ಅವ್ವನಿಗೆ ಗೊತ್ತಾಗಲಿಲ್ಲ. ಹುಣಸೆ ಮರದ ಗುರುತು ಹಿಡಿಯೋಣವೆಂದರೆ ಮರವೇ ಇರಲಿಲ್ಲ. ನಮ್ಮ ಕೇರಿಯದು ಮಣ್ಣಿನ ಗೋಡೆ. ಮಣ್ಣು ಮಣ್ಣಿಗೆ ಸೇರಿತ್ತು. ಕಲ್ಲು ಉಳಿದದ್ದು ಮೇಲಿನ ಓಣಿಯಲ್ಲಿ ಮಾತ್ರ. ಅಂದಹಾಗೆ, ಈ ಮುಳುಗಿದೂರುಗಳ ಫೋಟೋಗಳಲ್ಲಿ ಯಾವತ್ತೂ ಕೇರಿ ಯಾಕೆ ಕಾಣುವುದಿಲ್ಲ ಎಂಬುದು ನನಗೆ ಅವತ್ತು ತಿಳಿಯಿತು.

ಊರೊಳಗಿನ ಸೇದುವ ಬಾವಿ ಇನ್ನೂ ಇತ್ತು. ಒಳಗೆ ಹೂಳು ತುಂಬಿದೆ, ಕಟ್ಟೆ ಗಟ್ಟಿಯಾಗಿದೆ, ಕಲ್ಲಿನ ಮೇಲೆ ಹಗ್ಗದ ಗೀರು ಹಾಗೇ ಇವೆ. ನಾವು ಹೊಳೆಯ ನೀರು ಕುಡಿಯುತ್ತಿದ್ದವರು. ಮಳೆಗಾಲದಲ್ಲಿ ಹೊಳೆ ಕೆಂಪಗೆ ಬಂದಾಗ ಮಾತ್ರ ಹೆಂಗಸರು ಆ ಬಾವಿಗೆ ಬಂದು ದೂರ ನಿಲ್ಲುತ್ತಿದ್ದರು. ಯಾರಾದರೂ ಸೇದಿ ತಂದು ಮೇಲಿಂದ ಹೊಯ್ದರೆ ಕೊಡ ತುಂಬುತ್ತಿತ್ತು. ಇಲ್ಲದಿದ್ದರೆ ಇಲ್ಲ.

ನಾನು ಕಟ್ಟೆ ಹತ್ತಿ ನಿಂತೆ. ಅವ್ವ ನಾಲ್ಕು ಮಾರು ಆಚೆಗೇ ನಿಂತಳು. ಕಾಲಿನಿಂದ ಕೆಸರು ಕೆದರಿದಳು. ಒಂದು ಚಪ್ಪಟೆ ಕಲ್ಲು ಕಂಡಿತು.

"ಇಲ್ಲೇ ನೋಡು. ನಾವು ಕೊಡ ಇಡೂ ಕಲ್ಲು."

ಮನೆ ಸಿಗದವಳಿಗೆ ಆ ಕಲ್ಲು ಸಿಕ್ಕಿತ್ತು.

"ಅವ್ವಾ, ಈಗ ಇಲ್ಲಿ ಯಾರದಾರ? ಬಾ, ಕಟ್ಟಿ ಮ್ಯಾಲ ಕುಂದರು. ಒಂದು ಫೋಟೋ ತಗೀತೀನಿ."

"ಬ್ಯಾಡೋ ತಮ್ಮಾ. ಬಿಸಲು ಭಾಳ ಐತಿ. ಹೋಗೂಣು ನಡಿ."

ನಮ್ಮ ಅವ್ವ ಹೆದರುವ ಹೆಂಗಸಲ್ಲ, ನಿಮಗೇ ಗೊತ್ತು. ದೀಕ್ಷೆ ತೆಗೆದುಕೊಂಡಾಗಿನಿಂದ ವಿಹಾರದಲ್ಲಿ ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ತ್ರಿಶರಣ ಹೇಳುವವಳು. ಅಲ್ಲಿ ಊರು ಇರಲಿಲ್ಲ, ಜನ ಇರಲಿಲ್ಲ, ಬಾವಿಯಲ್ಲಿ ನೀರೂ ಇರಲಿಲ್ಲ. ಆ ನಾಲ್ಕು ಮಾರು ಮಾತ್ರ ಇತ್ತು. ಹಳೇ ಊರಿಗೆ ಮರಳಿ ಹೋಗಲು ಆಗುವುದಿಲ್ಲ ಎನ್ನುತ್ತೇವೆ. ಅವ್ವ ಅವತ್ತು ಹೋಗಿದ್ದಳು. ಅವಳಿಗೆ ಅಲ್ಲಿ ಸಿಕ್ಕ ಜಾಗ ಅದೊಂದೇ.

ಹೊಸ ಊರಿನ ಕಥೆಯೂ ಹೀಗೆಯೇ. ಪ್ಲಾಟು ಹಂಚುವ ಹೊತ್ತಿಗೆ ಹಿರಿಯರು "ಹಿಂದಿನಂಗ ಇರಲಿ" ಎಂದರು. ನಮ್ಮವರು ಮತ್ತೆ ಅಂಚಿಗೇ ಬಂದೆವು. ಹೊಳೆ ಊರು ಮುಳುಗಿಸಿತು. ಕೇರಿ ಮಾತ್ರ ಗಾಡಿ ಹತ್ತಿ ಜೊತೆಗೇ ಬಂತು.

ಇನ್ನು ವಿಡೂಡಭ. ಅಟ್ಠಕಥೆಯಲ್ಲಿ ಬರುವ ಕಥೆ ಇದು. ಹೋದ ವಾರ ಬಾರದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಕೋಸಲದ ರಾಜ ಪಸೇನದಿ ಶಾಕ್ಯರಲ್ಲಿ ಹೆಣ್ಣು ಕೇಳಿದ. ತಮ್ಮ ಕುಲವೇ ಮೇಲೆಂದು ಬೀಗುತ್ತಿದ್ದ ಶಾಕ್ಯರು, ರಾಜನ ಭಯಕ್ಕೆ ಇಲ್ಲ ಎನ್ನಲಾರದೆ, ಮಹಾನಾಮನಿಗೆ ದಾಸಿಯಲ್ಲಿ ಹುಟ್ಟಿದ ಮಗಳನ್ನು ಕುಲದ ಹೆಣ್ಣೆಂದು ಹೇಳಿ ಕೊಟ್ಟರು. ಅವಳ ಮಗ ವಿಡೂಡಭ. ಹುಡುಗ ಹದಿನಾರರ ವಯಸ್ಸಿಗೆ ಅಜ್ಜನ ಊರು ಕಪಿಲವಸ್ತುವಿಗೆ ಆಸೆಪಟ್ಟು ಬಂದ. ತನಗಿಂತ ಕಿರಿಯರು ಯಾರೂ ಅವನಿಗೆ ಕೈಮುಗಿಯಬೇಕಾಗದಂತೆ ಶಾಕ್ಯರು ಮಕ್ಕಳನ್ನೆಲ್ಲ ಮೊದಲೇ ಊರಾಚೆ ಕಳಿಸಿದ್ದರು. ಅವನು ಹೊರಟ ಮೇಲೆ, ಮರೆತ ಆಯುಧ ತರಲು ಅವನ ಆಳೊಬ್ಬ ಹಿಂತಿರುಗಿದ. ನೋಡಿದರೆ ದಾಸಿಯೊಬ್ಬಳು, ಇದು ದಾಸಿಯ ಮಗ ಕೂತ ಮಣೆ ಎನ್ನುತ್ತ, ಅದನ್ನು ಹಾಲು ಬೆರೆಸಿದ ನೀರಿನಿಂದ ತೊಳೆಯುತ್ತಿದ್ದಳು.

ಇದನ್ನು ಓದಿದಾಗ ನಮ್ಮ ಹಿರಿಯ ಉಪಾಸಿಕೆಯೊಬ್ಬರು ಅಂದದ್ದು ನೆನಪಿದೆಯಲ್ಲ: "ಆತ ರಾಜನ ಮಗ, ಹಾಲಿಲೆ ತೊಳದ್ರು. ನಮಗ ಸಗಣಿ ನೀರು." ಎಲ್ಲರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬುದ್ಧರ ತವರೂರು ಅದು. ಮುಂದೆ ವಿಡೂಡಭ ರಾಜನಾಗಿ ದಂಡೆತ್ತಿ ಹೊರಟಾಗ ಬುದ್ಧರು ಗಡಿಯಲ್ಲಿ ಹೋಗಿ ಕೂತರು. ವಿಡೂಡಭನ ಕಡೆ ದಟ್ಟ ನೆರಳಿನ ಆಲ, ಶಾಕ್ಯರ ಕಡೆ ಎಲೆ ಉದುರಿದ ಬೋಳು ಮರ. ಬುದ್ಧರು ಕೂತದ್ದು ಬೋಳು ಮರದ ಕೆಳಗೆ. ಯಾಕೆ ಎಂದು ಕೇಳಿದರೆ, ನೆಂಟರ ನೆರಳು ತಂಪು ಎಂಬರ್ಥದ ಮಾತು ಹೇಳಿದರು. ದಂಡು ಹಿಂದಿರುಗಿತು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಅವರು ಹೋಗಲಿಲ್ಲ, ಕಪಿಲವಸ್ತು ಉಳಿಯಲಿಲ್ಲ. ಐದನೇ ಶತಮಾನದ ಆರಂಭದಲ್ಲಿ ಬಂದ ಚೀನಾದ ಯಾತ್ರಿಕ ಫಾಹಿಯಾನ್ ಕಂಡದ್ದು ಹಾಳುಬಿದ್ದ ಜಾಗ, ಒಂದಷ್ಟು ಭಿಕ್ಷುಗಳು, ಕೆಲವು ಮನೆ. ಇವತ್ತು ನೇಪಾಳದ ತಿಲೌರಾಕೋಟ್ ಅದೇ ಎಂದು ಕೆಲವರು, ಉತ್ತರ ಪ್ರದೇಶದ ಪಿಪ್ರಹವಾ ಎಂದು ಕೆಲವರು ವಾದಿಸುತ್ತಾರೆ.

ನನಗೆ ಆ ಬೋಳು ಮರ ಬಹಳ ಮುಖ್ಯ. ಊರಿನ ಮೇಲೆ ಪ್ರೀತಿ ಇಟ್ಟುಕೊಂಡವರು ಬುದ್ಧರು. ನೆರಳಿಲ್ಲದ ಮರವನ್ನು ತಂಪು ಎಂದವರು. ಆದರೆ ಆ ಪ್ರೀತಿಗಾಗಿ ಮಣೆ ತೊಳೆಯುವುದನ್ನು ಸರಿ ಎನ್ನಲಿಲ್ಲ. ತಮ್ಮ ಸಂಘದಲ್ಲಿ ಕ್ಷೌರಿಕ ಉಪಾಲಿಗೆ ಶಾಕ್ಯ ಕುಮಾರರಿಗಿಂತ ಮೊದಲು ದೀಕ್ಷೆ ಕೊಟ್ಟು, ಕುಮಾರರೇ ಅವನಿಗೆ ವಂದಿಸುವಂತೆ ಮಾಡಿದವರೂ ಅವರೇ.

ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಸಿದ್ಧಾರ್ಥ ಮನೆ ಬಿಟ್ಟದ್ದಕ್ಕೆ ರೋಹಿಣಿ ನದಿಯ ನೀರಿನ ಜಗಳವನ್ನು ಕಾರಣವಾಗಿ ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ದಾಟುತ್ತೇವೆ. ಶಾಕ್ಯರಿಗೂ ಕೋಲಿಯರಿಗೂ ರಾಜಿಯಾಗುತ್ತಿದೆ, ಇನ್ನು ನೀನು ಮನೆಗೆ ಹೋಗಬಹುದು ಎಂದು ಐವರು ಪರಿವ್ರಾಜಕರು ಬಂದು ಸುದ್ದಿ ಹೇಳುತ್ತಾರೆ. ಬಾಗಿಲು ತೆರೆದಿತ್ತು. ಸಿದ್ಧಾರ್ಥ ಕೂತು ಯೋಚಿಸುತ್ತಾನೆ: ಯುದ್ಧ ಯಾವಾಗಲೋ ಒಮ್ಮೆ ಬರುವುದು, ವರ್ಗ ವರ್ಗಗಳ ನಡುವಿನ ಸಂಘರ್ಷ ನಿರಂತರ, ಲೋಕದ ದುಃಖದ ಬೇರು ಅಲ್ಲಿದೆ. ಹೋಗುವುದಿಲ್ಲ. ಹಾಗೆ ಬರೆದ ಬಾಬಾಸಾಹೇಬರೇ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಕರಡಿನಲ್ಲಿ ಹಳ್ಳಿಗೆ ಜಾಗವಿಲ್ಲ ಎಂದು ಕೊರಗಿದವರಿಗೆ ಉತ್ತರಿಸುತ್ತ, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಒಪ್ಪಿದ್ದಕ್ಕೆ ತಮಗೆ ಸಂತೋಷವಿದೆ ಎಂದರು. ನಮ್ಮ ಗುಂಪಿನಲ್ಲೂ ಬೀಸುವ ಕಲ್ಲು, ಎತ್ತಿನ ಗಾಡಿಯ ಚಿತ್ರ ಹಾಕಿ ಹಳ್ಳಿಯ ಸೊಗಡು ಎನ್ನುವವರಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ. ಆ ಕಲ್ಲು ಯಾರ ಮನೆಯದು, ಬೀಸುತ್ತಿದ್ದವರು ಯಾರು ಎಂದು ಅವರವರ ಅವ್ವನನ್ನು ಒಮ್ಮೆ ಕೇಳಲಿ.

ಕಾಕಾನ ಮಗನ ಫೋನಿಗೆ ಬರುತ್ತೇನೆ. ಸ್ಪೀಕರ್ ಹಾಕಿದ್ದೆ. ಅವ್ವ ಪಕ್ಕದಲ್ಲಿ ಮೆಂತ್ಯ ಸೋಸುತ್ತ ಕೇಳುತ್ತಿದ್ದಳು. ಗೋಡೆಗೆ ತೂಗುಹಾಕಿದ ಅಪ್ಪನ ಹಲಗಿಯತ್ತ ನೋಡಿದಳು. ಏಪ್ರಿಲ್ 14ಕ್ಕೆ ನಮ್ಮ ಹುಡುಗರು ಕಾಯಿಸಿ ಬಾರಿಸುವುದು ಅದನ್ನೇ.

"ಹಲಗಿ ನಿಮ್ಮಪ್ಪಂದು. ಊರಂದಲ್ಲ ಅಂತ ಹೇಳು."

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ನೀರು ಹಾಕತಿದ್ಲಲ್ಲ, ಅಕಿ ಬರ್ತಾಳೇನು? ಬರೂದಿದ್ರ ನಾನೂ ಬರ್ತೀನಿ. ಅಕಿ ಬಾಜೂಕ ಕುಂತು ಉಣಬೇಕು."

ಮೇಲಿನ ಓಣಿಯ ಒಬ್ಬಳು ಸೊಸೆ, ಅತ್ತೆಯ ಕಣ್ಣು ತಪ್ಪಿಸಿ ಅವ್ವನ ಕೊಡಕ್ಕೆ ಮೊದಲು ನೀರು ಹೊಯ್ಯುತ್ತಿದ್ದಳಂತೆ. ಇಷ್ಟು ವರ್ಷದಲ್ಲಿ ಅವಳ ಹೆಸರನ್ನು ಅವ್ವ ನನ್ನ ಮುಂದೆ ಎತ್ತಿದ್ದು ಅದೇ ಮೊದಲು.

ನಾನೂ ತಮ್ಮನೂ ಸೇರಿ ಗುಂಪಿಗೆ ಬರೆದೆವು: "ನಾವು ಬರ್ತೇವಿ. ಎಲ್ಲಾರ ಜೋಡಿ ಒಂದ ಪಂಕ್ತಿಯೊಳಗ ಉಣ್ತೇವಿ. ಗುರುಗಳ ಸನ್ಮಾನಕ್ಕ ವಂತಿಗೆ ಕೊಡ್ತೇವಿ. ಹಲಗಿ ಮಾತ್ರ ಬಾರಿಸೂದಿಲ್ಲ. ಬೇಕಂದ್ರ ಎಲ್ಲಾ ಓಣಿ ಹುಡುಗರಿಗೂ ಕಲಸ್ತೇವಿ."

ಎರಡು ನೀಲಿ ಗೆರೆ ಬಿದ್ದವು. ಹಳೇ ಗುರುಗಳೊಬ್ಬರ ಮಗ ಹೆಬ್ಬೆರಳು ಎತ್ತಿದ. ಮರುದಿನ ಯಾರೋ ಗುಲಾಬಿ ಹೂವಿನ ಶುಭೋದಯ ಹಾಕಿದರು. ಅದರ ಮೇಲೆ ಇನ್ನೂ ಏನೂ ಬಂದಿಲ್ಲ.

ಅವ್ವ ದಿನಾ ಬೆಳಿಗ್ಗೆ ಕೇಳುತ್ತಾಳೆ, ಅಕಿ ಬರ್ತಾಳೇನಂತ ಕೇಳಿದ್ಯಾ ಎಂದು. ಕೇಳಿಲ್ಲ. ಇದನ್ನು ನಿಮಗೆ ಕಳಿಸಿ, ಅವರ ಮನೆಯ ನಂಬರ್ ಹುಡುಕಬೇಕು.

ನಮೋ ಬುದ್ಧಾಯ. ಜೈ ಭೀಮ್.