ಆಟದಲ್ಲಿ ಕಚ್ಚುವ ನಾಯಿಮರಿಗೆ ಕಲಿಸುವ ಬಗೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಒಕ್ಕಲು ಮಕ್ಕಳಿಗೆ ನಾಯಿ ಬೇಡವಾದ ಪ್ರಾಣಿಯಲ್ಲ. ತೊಗರಿ, ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಮೊದಲು ಬೊಗಳುವುದು ಅದೇ. ರಾತ್ರಿ ಕುರಿದೊಡ್ಡಿಯ ಸುತ್ತ ಎಚ್ಚರವಾಗಿರುವುದೂ ಅದೇ. ಆದರೆ ಎಳೆಯ ಹೋರಿಗೆ ನೊಗ ಕಲಿಸಲು ತಿಂಗಳುಗಟ್ಟಲೆ ಶ್ರಮಪಡುವ ನಾವು, ನಾಯಿಮರಿಗೆ ಹಲ್ಲಿನ ಹದ ಕಲಿಸಲು ದಿನಕ್ಕೆ ಹತ್ತು ನಿಮಿಷ ಕೊಡುವುದಿಲ್ಲ.

ಎರಡು ತಿಂಗಳ ಮರಿ ಮಗುವಿನ ಕೈ ಕಚ್ಚಿದರೆ ಮನೆಮಂದಿಯೆಲ್ಲ ನಗುತ್ತಾರೆ. ಅದೇ ಮರಿ ವರ್ಷದ ನಾಯಿಯಾಗಿ ಕಚ್ಚಿದರೆ ಕೋಲು ಹಿಡಿಯುತ್ತಾರೆ. ಇಲ್ಲವೆ ಗೋಣಿಚೀಲದಲ್ಲಿ ಹಾಕಿ ಪಕ್ಕದೂರಿನ ಗಡಿಗೆ ಬಿಟ್ಟು ಬರುತ್ತಾರೆ. ನಾಯಿಗೆ ಏನು ಗೊತ್ತು? ನಿನ್ನೆ ಒಪ್ಪಿಗೆಯಾಗಿದ್ದುದು ಇಂದು ಅಪರಾಧವಾಯಿತೆಂದು ಅದಕ್ಕೆ ಹೇಳಿದವರಾರು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮರಿ ಕಚ್ಚುವುದೇಕೆ?

ಮರಿಗೆ ಬಾಯಿಯೇ ಕೈ. ಹೊಸ ವಸ್ತುವನ್ನು ಅದು ಬಾಯಿಂದಲೇ ಮುಟ್ಟಿ ನೋಡುತ್ತದೆ. ಹುಟ್ಟಿದ ಮೂರನೆಯ ವಾರದಿಂದ ಹಾಲುಹಲ್ಲು ಬರತೊಡಗುತ್ತವೆ. ಇವು 28; ಜಾಲಿ ಮುಳ್ಳಿನಂತೆ ಚೂಪು. ನಾಲ್ಕನೆಯ ತಿಂಗಳ ಹೊತ್ತಿಗೆ ಇವು ಬೀಳತೊಡಗಿ, ಏಳನೆಯ ತಿಂಗಳೊಳಗೆ ಗಟ್ಟಿಹಲ್ಲು 42 ಬರುತ್ತವೆ. ಆ ಕಾಲದಲ್ಲಿ ವಸಡು ನವೆಯುವುದರಿಂದ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಇದು ಕೋಪವಲ್ಲ.

ಒಂದೇ ಸೂಲಿನ ಮರಿಗಳು ಆಡುವುದನ್ನು ಗಮನಿಸಿ. ಒಂದು ಗಟ್ಟಿಯಾಗಿ ಕಚ್ಚಿದರೆ ಇನ್ನೊಂದು 'ಕುಂಯ್' ಎಂದು ಕೂಗಿ ಆಟ ಬಿಟ್ಟು ಸರಿಯುತ್ತದೆ. ಕಚ್ಚಿದ ಮರಿ ಒಂಟಿಯಾಗುತ್ತದೆ. 'ಹಲ್ಲು ಊರಿದರೆ ಆಟ ನಿಲ್ಲುತ್ತದೆ' ಎಂಬುದು ಅದು ಕಲಿಯುವ ಮೊದಲ ಪಾಠ. ಆದುದರಿಂದ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಕೂಡದು. ಅಗಲಿ ಬಂದ ಮರಿಗೆ ಆ ಪಾಠವನ್ನು ನಾವೇ ಹೇಳಿಕೊಡಬೇಕಾಗುತ್ತದೆ.

ಕಲಿಸುವ ಕ್ರಮ

1. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ. ಕೈಯನ್ನು ಥಟ್ಟನೆ ಎಳೆದುಕೊಳ್ಳಬೇಡಿ. ಎಳೆದರೆ ಮರಿ ಅದನ್ನು ಬೇಟೆಯೆಂದು ಬಗೆದು ಇನ್ನೂ ಹಿಡಿಯುತ್ತದೆ. ಕೈ ಸಡಿಲ ಬಿಟ್ಟು, ಅದು ಬಾಯಿ ಬಿಟ್ಟ ಮೇಲೆ ಮುಖ ತಿರುಗಿಸಿ ಎದ್ದು ನಿಲ್ಲಿ. ಅರ್ಧ ನಿಮಿಷ ನೋಡಕೂಡದು, ಮಾತಾಡಕೂಡದು. ಆಮೇಲೆ ಮತ್ತೆ ಆಡಿಸಿ. ಮತ್ತೆ ಕಚ್ಚಿದರೆ ಮತ್ತೆ ನಿಲ್ಲಿಸಿ.

2. ಕಡಿಯಲು ಬೇರೆ ವಸ್ತು ಕೊಡಿ. ಹಳೆಯ ಬಟ್ಟೆಯನ್ನು ಗಂಟು ಹಾಕಿ ನೀರಲ್ಲಿ ಅದ್ದಿ ಕೊಟ್ಟರೆ ವಸಡಿಗೆ ತಂಪು. ಹಳೆಯ ಚಪ್ಪಲಿ ಕೊಡಬೇಡಿ. ಹಳೆಯದು ಯಾವುದು, ಹೊಸದು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಬೇಯಿಸಿದ ಎಲುಬು ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುವುದರಿಂದ ಅದನ್ನೂ ಕೊಡಕೂಡದು.

3. ಕೈ ನೆಕ್ಕಿದಾಗ, ಹಲ್ಲು ಊರದೆ ಆಡಿದಾಗ ಒಂದು ಚೂರು ಜೋಳದ ರೊಟ್ಟಿ ಕೊಟ್ಟು ಬೆನ್ನು ಸವರಿ. ರೊಟ್ಟಿಯೊಂದಿಗೆ ಉಳ್ಳಾಗಡ್ಡಿ ಮಾತ್ರ ಹಾಕಬೇಡಿ. ಅದು ನಾಯಿಯ ರಕ್ತ ಕೆಡಿಸುತ್ತದೆ.

4. ನಿದ್ದೆಗೆಡಿಸಬೇಡಿ. ಎಳೆಯ ಮರಿ ದಿನದ ಹೆಚ್ಚು ಹೊತ್ತು ಮಲಗಬೇಕು. ದಣಿದ ಮರಿ ರಚ್ಚೆಹಿಡಿದ ಕೂಸಿನಂತೆ, ಹೆಚ್ಚು ಕಚ್ಚುತ್ತದೆ. ಅಂಥ ವೇಳೆಯಲ್ಲಿ ನೆರಳಲ್ಲಿ ಒಂಟಿಯಾಗಿ ಮಲಗಲು ಬಿಡಿ.

5. ಮಕ್ಕಳಿಗೂ ಪಾಠ ಬೇಕು. ಮರಿ ಕಾಲಿಗೆ ಬಿದ್ದಾಗ ಚೀರುತ್ತ ಓಡಿದರೆ ಅದಕ್ಕೆ ಅದೇ ಆಟ. ಕೈ ಕಟ್ಟಿಕೊಂಡು ಗಿಡದಂತೆ ನಿಲ್ಲಲು ಹೇಳಿಕೊಡಿ. ಎಳೆಗೂಸು ಮತ್ತು ಮರಿ ಎರಡನ್ನೇ ಬಿಟ್ಟು ದೊಡ್ಡವರು ಹೊರಗೆ ಹೋಗಕೂಡದು.

ಒಂದೇ ಮಾತು

ನಮ್ಮ ಸೀಮೆಯಲ್ಲಿ ಇದೊಂದು ವಿಶೇಷ ತೊಡಕು. ಅಜ್ಜಿ 'ಬ್ಯಾಡ' ಎನ್ನುತ್ತಾಳೆ. ಶಾಲೆಯಿಂದ ಬಂದ ಮೊಮ್ಮಗ ತೆಲುಗಿನಲ್ಲಿ 'ವದ್ದು' ಎನ್ನುತ್ತಾನೆ. ನಮಗೆ ಎರಡೂ ಒಂದೇ. ಮರಿಗೆ ಅವು ಎರಡು ಬೇರೆ ಸದ್ದು. ಯಾವ ನುಡಿಯದಾದರೂ ಸರಿ, ಮನೆಮಂದಿ ಕೂಡಿ ಒಂದು ಮಾತನ್ನು ಗೊತ್ತುಮಾಡಿಕೊಂಡು ಎಲ್ಲರೂ ಅದನ್ನೇ ಆಡಬೇಕು. ಮಾತಿನಂತೆ ನಡೆಯೂ ಒಂದೇ ಇರಬೇಕು. ತಾಯಿ ತಡೆದುದನ್ನು ಅಣ್ಣ ಆಡಿಸಿದರೆ, 'ಛೂ' ಎಂದು ಕೋಳಿಯ ಮೇಲೆ, ಆಡಿನ ಮರಿಯ ಮೇಲೆ ಬಿಟ್ಟರೆ, ಕಲಿಸಿದ್ದೆಲ್ಲ ನೀರಲ್ಲಿ ಹೋಮ.

ಹೊಡೆಯುವುದು, ಮೂತಿ ಅದುಮಿ ಹಿಡಿಯುವುದು, ಬಾಯಿಗೆ ಖಾರ ಹಚ್ಚುವುದು ಕೂಡದು. ಇದರಿಂದ ಮರಿ ಮನುಷ್ಯನ ಕೈಗೆ ಅಂಜುತ್ತದೆ. ಅಂಜಿದ ನಾಯಿಯೇ ನಿಜವಾಗಿ ಕಚ್ಚುವ ನಾಯಿ.

'ಕಚ್ಚದ ನಾಯಿ ಹೊಲ ಕಾದೀತೇ?' ಎಂದು ಕೆಲವರು ಕೇಳುವುದುಂಟು. ಕಾಯುತ್ತದೆ. ಕಾವಲಿಗೆ ಬೇಕಾದುದು ಎಚ್ಚರ ಮತ್ತು ಬೊಗಳು. ಇವೆರಡೂ ಜಾತಿಗುಣದಿಂದ ಬರುತ್ತವೆ. ಆಟದಲ್ಲಿ ಹಲ್ಲು ತಡೆಹಿಡಿಯಲು ಕಲಿತುದರಿಂದ ಅವು ಕುಂದುವುದಿಲ್ಲ.

ರಕ್ತ ಬಂದರೆ

ಹುಚ್ಚುನಾಯಿ ರೋಗದ ವಿಷ ಜೊಲ್ಲಿನಲ್ಲಿರುತ್ತದೆ. ಮರಿಗೂ ಆ ರೋಗ ಬರುವುದುಂಟು. 'ನಮ್ಮ ಮನೆಯ ಮರಿಯೇ ಅಲ್ಲವೇ' ಎಂದು ಸುಮ್ಮನಿರಕೂಡದು. ಹಲ್ಲು ತಾಗಿ ಚರ್ಮ ಹರಿದರೆ, ಗೀರು ಬಿದ್ದರೂ ಸಹ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಖಾರ, ಸೀಮೆಎಣ್ಣೆ ಹಚ್ಚಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ.

ಹಿರಿಯರು ಹೊಟ್ಟೆಗೆ ಹಾಕುತ್ತಿದ್ದ 14 ಸೂಜಿಗಳನ್ನು ನೆನೆದು ಅಂಜುತ್ತಾರೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ಕೆಲವೇ ಸೂಜಿ, ಅದೂ ತೋಳಿಗೆ. ವೈದ್ಯರು ಬರೆದುಕೊಟ್ಟ ತಾರೀಖುಗಳಲ್ಲಿ ಒಂದನ್ನೂ ತಪ್ಪಿಸಬೇಡಿ. ಮಕ್ತಲಿನಲ್ಲಿ ಮೊದಲ ಸೂಜಿಯಾಗಿ, ನೆಂಟರ ಮನೆಗೆಂದು ರಾಯಚೂರಿಗೆ ಹೋಗಬೇಕಾದರೆ ಚೀಟಿಯನ್ನು ಜೊತೆಗೆ ಒಯ್ದು ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಮುಂದಿನದನ್ನು ಹಾಕಿಸಿಕೊಳ್ಳಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ.

ಮರಿಯ ನಡತೆ ಒಮ್ಮೆಲೇ ಬದಲಾಗಿ, ಜೊಲ್ಲು ಸುರಿಸುತ್ತ, ನುಂಗಲಾರದೆ, ಕಲ್ಲು ಕಟ್ಟಿಗೆಯನ್ನೂ ಕಚ್ಚತೊಡಗಿದರೆ ಅದಕ್ಕೆ ಕಲಿಸಲು ಹೋಗಬೇಡಿ. ಹತ್ತಿರ ಯಾರನ್ನೂ ಬಿಡದೆ ಪಶುವೈದ್ಯರಿಗೆ ತಿಳಿಸಿ.

ಮರಿಗೆ ಮೂರು ತಿಂಗಳಾದಾಗ ಹುಚ್ಚುರೋಗದ ಲಸಿಕೆ ಹಾಕಿಸಿ. ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸುತ್ತಿರಿ. ಹಲ್ಲಿನ ಪಾಠವನ್ನಾದರೋ ಮರಿ ಮನೆಗೆ ಬಂದ ದಿನವೇ ಮೊದಲು ಮಾಡಿ, ಗಟ್ಟಿಹಲ್ಲು ಬರುವವರೆಗೆ ಬಿಡದೆ ನಡೆಸಬೇಕು.