ಅವ್ವನ ಅಳತೆಗೆ ಬಂದೂಕು: ಸಂವೇಗದ ಒಂದು ಪಾಠ

ಮುಧೋಳ ತಾಲೂಕಿನ ಹಲಗಲಿ ಹೆಸರು ಕೇಳದವರು ನಮ್ಮ ಕಡೆ ಸಿಗೋದು ಕಷ್ಟ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು ಆಯುಧ ಒಪ್ಪಿಸಿ ಅಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಆ ಕಥೆ ಕೇಳಿ ಬೆಳೆದ ನಮಗೆ ಬಂದೂಕು ಅಂದ್ರೆ ಧೈರ್ಯ, ಮನೆತನದ ಮರ್ಯಾದೆ. ಅದೂ ಒಂದು ಯಂತ್ರ, ಅದಕ್ಕೂ ಬಳಸುವವರ ಮೈಯಳತೆ ಬೇಕು ಅನ್ನೋದು ನಮ್ಮ ತಲೆಗೆ ಹೊಳೆದದ್ದು ಈ ಸಲದ ರಜೆಯಲ್ಲಿ.

ನಾವು ನಾಲ್ಕು ಜನ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯವರು ಒಬ್ಬೊಬ್ಬರು. ಬೀಳಗಿ ಗೆಳೆಯನದು ಕಬ್ಬಿನ ನಡುವಿನ ತೋಟದ ಮನೆ. ಅಪ್ಪ ಇಲ್ಲ. ಹೋದ ವರ್ಷ ಅಜ್ಜನೂ ತೀರಿಕೊಂಡರು. ಈಗ ಅಲ್ಲಿ ಅವ್ವ ಒಬ್ಬರೇ. ಅಜ್ಜನ ಹೆಸರಿನಲ್ಲಿದ್ದ ಜೋಡಿ ನಳಿಗೆಯ 12 ಬೋರ್ ಬಂದೂಕು ಕಾಯ್ದೆ ಪ್ರಕಾರ ಪೊಲೀಸ್ ಠಾಣೆಯಲ್ಲಿ ಜಮಾ ಆಗಿದೆ. ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಊಟಕ್ಕೆ ಕೂತಾಗ ಅವ್ವ ಕೇಳಿದ್ರು: "ಅದನ್ನ ನನ್ನ ಹೆಸರಿಗೆ ಮಾಡಿಸ್ಕೊಳ್ಳೂದೋ, ಮಾರಿ ಹಗೂರಂದು ತೊಗೊಳ್ಳೂದೋ? ನೀವು ಇಂಜಿನಿಯರ್ ಆಗಾಕ ಹೊಂಟೀರಿ, ಲೆಕ್ಕಾ ಮಾಡಿ ಹೇಳ್ರಿ."

ಅವ್ವನ ಎತ್ತರ 4 ಅಡಿ 10 ಇಂಚು, ತೂಕ 45 ಕೆಜಿ. "ಹೆಣ್ಮಕ್ಕಳಿಗೆ ಹಗೂರ ಬಂದೂಕೇ ಚೊಲೋ" ಅಂತ ಬಂಧುಗಳೆಲ್ಲ ಹೇಳಿದ್ದರು. ಈ ಮಾತು ಅರ್ಧ ತಪ್ಪು. ಅದು ಹೇಗೆ ಅನ್ನೋದೇ ಈ ಪಾಠ.

ಮೊದಲ ಅಳತೆ: ಭುಜದಿಂದ ಬೆರಳಿಗೆ

ಬಂದೂಕಿನ ಹಿಂಬದಿಯ ಕಟ್ಟಿಗೆ ಭಾಗಕ್ಕೆ ಬಟ್ ಅಂತಾರೆ. ಭುಜಕ್ಕೆ ತಾಗುವ ಅದರ ತುದಿಯಿಂದ ಟ್ರಿಗರ್‌ವರೆಗಿನ ಉದ್ದವೇ ಎಲ್ಲಕ್ಕಿಂತ ಮುಖ್ಯವಾದ ಅಳತೆ. ಕಾರ್ಖಾನೆಯಿಂದ ಬರುವ ಸಾಮಾನ್ಯ ಬಂದೂಕಿನಲ್ಲಿ ಇದು ಸುಮಾರು 36ರಿಂದ 37 ಸೆಂ.ಮೀ. ಇರುತ್ತದೆ. ಸಣ್ಣ ಮೈಕಟ್ಟಿನವರಿಗೆ ಇದು ಉದ್ದವಾಯಿತು. ಉದ್ದವಾದರೆ ಕೈ ಪೂರ್ತಿ ಚಾಚಬೇಕು, ಮೈ ಹಿಂದಕ್ಕೆ ವಾಲುತ್ತದೆ, ಬಟ್ ಭುಜದ ಮಾಂಸಖಂಡ ಬಿಟ್ಟು ತೋಳಿನ ಮೇಲೆ ಕೂಡುತ್ತದೆ. "ಬಂದೂಕು ಒದೀತು" ಅಂತ ದೂರುವವರಲ್ಲಿ ಎಷ್ಟೋ ಜನರ ತೊಂದರೆ ಇದೇ.

ಇದನ್ನು ತಿಳಿಯಲು ಬಂದೂಕೇ ಬೇಕಾಗಿಲ್ಲ. ಬನಹಟ್ಟಿಯ ಬಡಿಗೇರರ ಅಂಗಡಿಯಲ್ಲಿ ಒಂದು ಹಲಗೆ ಕೊಯ್ಸಿ, ಅದರ ಮೇಲೆ ಅರ್ಧರ್ಧ ಸೆಂ.ಮೀ.ಗೆ ಗುರುತು ಹಾಕಿದೆವು. ಅವ್ವ ಅದನ್ನು ಭುಜಕ್ಕಿಟ್ಟು, ಕೆನ್ನೆ ತಾಗಿಸಿ, ಆರಾಮಾಗಿ ನಿಂತಾಗ ತೋರುಬೆರಳು ಕೂತದ್ದು 32.5ರ ಗುರುತಿನ ಮೇಲೆ. ಅಂದ್ರೆ ಅಜ್ಜನ ಅಳತೆಯ ಬಂದೂಕು ಅವ್ವನಿಗೆ ಸುಮಾರು 4 ಸೆಂ.ಮೀ. ಉದ್ದ. ಬನಹಟ್ಟಿ ಗೆಳೆಯ ಅಂದ: "ಕುಣಿಮಗ್ಗದ ಕುಣಿನೂ ಕೂಡೋರ ಕಾಲಿನ ಅಳತಿಗೇ ತೋಡ್ಬೇಕಲ್ಲೋ. ಇದೂ ಹಂಗ."

ಎರಡನೇ ಅಳತೆ: ಹಗುರ ಅಂದ್ರೆ ಮೆತ್ತಗಲ್ಲ

ಪಿಯುಸಿಯಲ್ಲಿ ಓದಿದ ಸಂವೇಗ ಸಂರಕ್ಷಣಾ ನಿಯಮ ನೆನಪು ಮಾಡಿಕೊಳ್ಳಿ. ಮುಂದೆ ಹೋಗುವ ಸಂವೇಗ ಎಷ್ಟೋ, ಹಿಂದೆ ಬರುವ ಸಂವೇಗವೂ ಅಷ್ಟೇ. ತೋಟಾದಲ್ಲಿ 32 ಗ್ರಾಂ ಸೀಸದ ಕಾಳು, ಅವುಗಳ ಹಿಂದೆ ಸುಮಾರು 3 ಗ್ರಾಂ ಪ್ಲಾಸ್ಟಿಕ್ ಬಿರಡೆ, ಸೆಕೆಂಡಿಗೆ 370 ಮೀಟರ್ ವೇಗ ಅಂತ ಇಟ್ಟುಕೊಳ್ಳೋಣ. ಉರಿದು ಅನಿಲವಾಗಿ ಹೊರನುಗ್ಗುವ ಮದ್ದಿನ ಪಾಲನ್ನೂ ಸೇರಿಸಿದರೆ ಸಂವೇಗ ಸುಮಾರು 13.8 ಕೆಜಿ·ಮೀ/ಸೆ. ಹಿಂದೊದೆತದ ಶಕ್ತಿ ಬೇಕೆಂದರೆ ಸಂವೇಗದ ವರ್ಗವನ್ನು ಬಂದೂಕಿನ ತೂಕದ ಎರಡು ಪಟ್ಟಿನಿಂದ ಭಾಗಿಸಿ. ತೂಕ ಛೇದದಲ್ಲಿದೆ ಅನ್ನೋದನ್ನು ಗಮನಿಸಿ. ನಾವು ಹಾಕಿದ ಲೆಕ್ಕ ಇಲ್ಲಿದೆ:

12 ಬೋರ್, ತೂಕ 2.7 ಕೆಜಿ, ಕಾಳು 32 ಗ್ರಾಂ: ಸುಮಾರು 35 ಜೂಲ್
12 ಬೋರ್, ತೂಕ 3.2 ಕೆಜಿ, ಕಾಳು 32 ಗ್ರಾಂ: ಸುಮಾರು 30 ಜೂಲ್
20 ಬೋರ್, ತೂಕ 2.8 ಕೆಜಿ, ಕಾಳು 24 ಗ್ರಾಂ: ಸುಮಾರು 19 ಜೂಲ್
12 ಬೋರ್, ತೂಕ 3.2 ಕೆಜಿ, ಕಾಳು 24 ಗ್ರಾಂ: ಸುಮಾರು 18 ಜೂಲ್

ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಹೋಲಿಸಿ ನೋಡಿ. ಬಂಧುಗಳು ಹೇಳಿದ ಹಗುರ ಬಂದೂಕಿಗೆ ಮಾಮೂಲಿ ತೋಟಾ ಹಾಕಿದರೆ ಒದೆತ 35 ಜೂಲ್. ಅಜ್ಜನ ಭಾರದ ಬಂದೂಕಿಗೇ 24 ಗ್ರಾಂ ತೋಟಾ ಹಾಕಿದರೆ ಅದರ ಅರ್ಧ. ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಬಳಸೋದೂ 12 ಬೋರ್‌ನ 24 ಗ್ರಾಂ ತೋಟಾನೇ. ಅದನ್ನು ಬಳಸೋದು ಅಳುಕಿನ ಗುರುತಲ್ಲ. 20 ಬೋರ್ ಕೂಡ ಒಳ್ಳೆಯ ಆಯ್ಕೆಯೇ, ಆದರೆ ಕೊಳ್ಳುವ ಮೊದಲು ಅದರ ತೋಟಾ ಹತ್ತಿರದ ಅಂಗಡಿಯಲ್ಲಿ ಸದಾ ಸಿಗುತ್ತದೋ ಇಲ್ಲವೋ ಕೇಳಿಕೊಳ್ಳಬೇಕು. ತೋಟಾ ಸಿಗದೆ ಅಭ್ಯಾಸ ನಿಂತರೆ ಬಂದೂಕು ಬರೀ ಕಬ್ಬಿಣ.

ಹಾಗಂತ ಎಷ್ಟು ಭಾರವಾದರೂ ನಡೆಯುತ್ತದೆ ಅಂತಲ್ಲ. ಎತ್ತಿ ಭುಜಕ್ಕಿಟ್ಟು ನಡುಗದೆ ಹಿಡಿಯಲು ಬರಬೇಕು. ತೂಕ ಎರಡೂ ಕೈಗಳ ನಡುವೆ ನಿಲ್ಲಬೇಕು. ನಳಿಗೆ ತೀರಾ ಉದ್ದವಿದ್ದರೆ ಮುಂಭಾರವಾಗಿ ಎಡಗೈ ಸೋಲುತ್ತದೆ.

ಮೈತೂಕದ ಲೆಕ್ಕವೂ ಒಂದಿದೆ. ಅದೇ 13.8ರ ಸಂವೇಗ 75 ಕೆಜಿಯವರನ್ನು ಸೆಕೆಂಡಿಗೆ 0.18 ಮೀಟರ್ ವೇಗದಲ್ಲಿ ತಳ್ಳಿದರೆ, 45 ಕೆಜಿಯ ಅವ್ವನನ್ನು 0.3 ಮೀಟರ್ ವೇಗದಲ್ಲಿ ತಳ್ಳುತ್ತದೆ. ಅದಕ್ಕೇ ಎಡಗಾಲು ಮುಂದಿಟ್ಟು, ತುಸು ಮುಂದಕ್ಕೆ ಬಾಗಿ ನಿಲ್ಲೋದು. ಬಟ್‌ನ ತುದಿಗೆ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿದರೆ ಸಂವೇಗ ಕಡಿಮೆ ಆಗೋದಿಲ್ಲ, ಅದು ಭುಜಕ್ಕೆ ತಲುಪುವ ಸಮಯ ಹೆಚ್ಚುತ್ತದೆ, ಬಲ ಇಳಿಯುತ್ತದೆ. ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವ ಲೆಕ್ಕವೇ ಇದು.

ಕೊಯ್ಯಬೇಕಾದದ್ದು ಬಟ್, ನಳಿಗೆಯಲ್ಲ

ಹಾಗಾದರೆ ಉತ್ತರ ಬಂತು: ಅಜ್ಜನ ಬಂದೂಕೇ ಸಾಕು, ಅದರ ಬಟ್ ಗಿಡ್ಡ ಮಾಡಿಸಬೇಕು. 2 ಸೆಂ.ಮೀ. ದಪ್ಪದ ಪ್ಯಾಡ್ ಹಾಕಿಸೋದಾದರೆ 36.5ರಲ್ಲಿ 6 ಸೆಂ.ಮೀ. ಕಟ್ಟಿಗೆ ತೆಗೆದರೆ 32.5ಕ್ಕೆ ಬರುತ್ತದೆ. ಇದು ನಮ್ಮ ಬಡಿಗೇರರ ಕೆಲಸವಲ್ಲ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರದ್ದು. ನಳಿಗೆ ಗಿಡ್ಡ ಮಾಡೋ ಯೋಚನೆಯಂತೂ ಬೇಡವೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಅಪರಾಧ. ರಕ್ಷಣೆಗಾಗಿ ಲೈಸೆನ್ಸ್ ಕೊಡುವ ವಿಷಯದಲ್ಲಿ ಅದೇ ಕಾಯ್ದೆ ಹೇಳೋದು 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬಂದೂಕಿನ ಬಗ್ಗೆ.

ಹಳೆಯ ಬಂದೂಕಾದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಹಿಂದಿನ ಕಾಲದ ಎಷ್ಟೋ 12 ಬೋರ್ ಬಂದೂಕುಗಳ ತೋಟಾ ಮನೆ 65 ಮಿ.ಮೀ. ಉದ್ದದ್ದು; ಈಗಿನ ತೋಟಾ ಹೆಚ್ಚಾಗಿ 70 ಮಿ.ಮೀ. ಒಳಗೆ ಹೋಗುತ್ತದೆ ಅಂತ ಹಾಕಿದರೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲಿನ ಗುರುತು ಓದಿಸಿ, ಒಳಗಿನ ತುಕ್ಕು, ಗುಳಿ ನೋಡಿಸಿದ ಮೇಲೆಯೇ ಮುಂದಿನ ಮಾತು.

ಗುಂಡಿಗೆ ಗೋಡೆ ಗೊತ್ತಿಲ್ಲ

"ಕಾಳು ಹರಡ್ತಾವ, ಗುರಿ ಬೇಕಾಗಿಲ್ಲ" ಅನ್ನೋ ಮಾತೂ ಸುಳ್ಳು. ಕೋಣೆಯೊಳಗಿನ ನಾಲ್ಕೈದು ಮೀಟರ್ ದೂರಕ್ಕೆ ಕಾಳುಗಳು ಹೆಚ್ಚುಕಡಿಮೆ ಒಂದು ಮುಷ್ಟಿಯಷ್ಟು ಅಗಲದಲ್ಲೇ ಹೋಗುತ್ತವೆ. ಗುರಿ ಬೇಕೇ ಬೇಕು. ತಗಡಿನ ಬಾಗಿಲು ಅವುಗಳನ್ನು ತಡೆಯೋದಿಲ್ಲ. ಬಾಗಿಲಾಚೆ ಇರುವವರು ಯಾರು, ಅವರ ಹಿಂದೆ ಯಾರು ಮಲಗಿದ್ದಾರೆ ಅಂತ ಕಣ್ಣಾರೆ ಕಾಣದೆ ಟ್ರಿಗರ್ ಮೇಲೆ ಬೆರಳು ಹೋಗಬಾರದು. ರಾತ್ರಿ ನೀರು ಹಾಯಿಸಲು ಬಂದ ಪಕ್ಕದ ಹೊಲದವರೂ ಕತ್ತಲಲ್ಲಿ ನೆರಳೇ.

ಕಾಯ್ದೆಯೂ ಇದನ್ನೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಅನುಮತಿ ಕೊಡೋದಿಲ್ಲ. ಲೈಸೆನ್ಸ್ ಬೇಕೆಂದರೆ 21 ವರ್ಷ ತುಂಬಿರಬೇಕು, 2016ರ ನಿಯಮಗಳಂತೆ ಸುರಕ್ಷತಾ ತರಬೇತಿ ಮುಗಿಸಬೇಕು, ಪೊಲೀಸ್ ವಿಚಾರಣೆ ಆಗಬೇಕು. ಲೈಸೆನ್ಸ್ ಬಂದರೆ ಅದರ ಅವಧಿ 5 ವರ್ಷ. ಅದು ಬೇಟೆಯ ಪರವಾನಗಿಯಲ್ಲ. ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ವನ್ಯಧಾಮದ ಪಕ್ಕದಲ್ಲೇ ಇರುವ ನಾವು ಇದನ್ನು ಮರೆಯಬಾರದು. ಮನೆಯಲ್ಲಿ ಬಂದೂಕು ಖಾಲಿ ಮಾಡಿ ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ, ಕೀಲಿ ಒಬ್ಬರ ಹತ್ತಿರ. ಸಿಟ್ಟು, ಕುಡಿತ, ಮನಸ್ಸಿನ ನೋವು ಇರುವ ಮನೆಯಲ್ಲಿ ಬಂದೂಕು ಕಳ್ಳನಿಗಿಂತ ಮೊದಲು ಮನೆಯವರನ್ನೇ ಹುಡುಕುತ್ತದೆ. ಅಂಥ ಕಡೆ ಇಟ್ಟುಕೊಳ್ಳದಿರುವುದೇ ಸರಿಯಾದ ಆಯ್ಕೆ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅವ್ವನ ಮುಂದಿಟ್ಟೆವು. ಪೂರ್ತಿ ಕೇಳಿಸಿಕೊಂಡು ಹಲಗೆಯನ್ನು ಮತ್ತೊಮ್ಮೆ ಭುಜಕ್ಕಿಟ್ಟು ನೋಡಿದ್ರು. "ಅಂದ್ರ ತೊಂದ್ರಿ ನನ್ನ ಮೈಯಾಗ ಇರಲಿಲ್ಲ, ಕಟ್ಟಿಗಿ ಒಳಗ ಇತ್ತು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಜಿ ಹಾಕೂಣಂತ. ಟ್ರೇನಿಂಗಿಗೂ ಹೋಗತೀನಿ. ಆದ್ರ ಅದು ಬರೂ ಮಟ ರಾತ್ರಿ ಕಳೀಬೇಕಲ್ಲ? ಮೊದಲ ಅಂಗಳಕ್ಕೊಂದು ದೊಡ್ಡ ಲೈಟ್ ಹಾಕ್ರಿ, ಹಿತ್ತಲ ಬಾಗಲಾ ಚಿಲಕಾ ಗಟ್ಟಿ ಮಾಡ್ರಿ."

ಮರುದಿನ ನಾಲ್ವರೂ ಸೇರಿ ಮೊದಲು ಮಾಡಿದ ಕೆಲಸ ಅದೇ.