ಹಾಲಿನ ಗಾಡಿಗೆ ಹೊಸ ಬ್ಯಾಟರಿ: ಹಳೆಯದು ಕೊಟ್ಟಿಗೆಗೆ ಬೇಡ



ದನದ ಡಾಕ್ಟರು ಗಾಡಿಯ ಬ್ಯಾಟರಿ ಬಗ್ಗೆ ಯಾಕೆ ಬರೆದಿದ್ದಾರೆ ಎಂದು ನಿಮಗೆ ಅನಿಸಬಹುದು. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಹಾಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹಿಂಡಿದ ಹಾಲು ತಂಪಾಗದೆ ಕ್ಯಾನಿನಲ್ಲೇ ಉಳಿದರೆ ಅದರಲ್ಲಿರುವ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೆ ದುಪ್ಪಟ್ಟಾಗಬಲ್ಲವು. ಸಂಘದ ಮುಂದೆ ಕ್ಯಾನುಗಳು ಸಾಲಾಗಿ ನಿಂತಿರುವಾಗ ಗಾಡಿ ಸ್ಟಾರ್ಟ್ ಆಗದಿದ್ದರೆ ಹಾಲು ಹುಳಿಯಾಗುತ್ತದೆ. ಆ ನಷ್ಟ ಕೊನೆಗೆ ಬರುವುದು ನಿಮ್ಮ ಬಟವಾಡೆಯ ಮೇಲೆಯೇ.

ಎರಡನೆಯದು ನಿಮ್ಮ ಆಕಳು, ಎಮ್ಮೆ, ಕರುಗಳು. ಹೊಸ ಬ್ಯಾಟರಿ ಬಂದ ಮೇಲೆ ಹಳೆಯದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅದು ಕೊಟ್ಟಿಗೆಯ ಮೂಲೆಯಲ್ಲಿ ಅಥವಾ ಬಣವಿಯ ಪಕ್ಕದಲ್ಲಿ ಉಳಿದರೆ ಒಂದು ಜೀವ ಹೋಗುವಷ್ಟು ವಿಷ ಅದರಲ್ಲಿದೆ.

ಮನೆಯಲ್ಲಿ ಪಿಕಪ್, ಟಂಟಂ ಅಥವಾ ಟ್ರ್ಯಾಕ್ಟರ್ ಇರಬಹುದು. ಸಂಘದ ಹಾಲು ಸಾಗಿಸಲು ನಿಮ್ಮ ಮನೆಯ ಗಾಡಿಯೇ ಓಡುತ್ತಿರಬಹುದು. ಬ್ಯಾಟರಿ ತರಲು ಮನೆಯ ಗಂಡಸರು ಹೋದರೂ ದುಡ್ಡು ಹಾಲಿನದ್ದೇ. ಆದ್ದರಿಂದ ಏನು ಕೇಳಬೇಕು, ಏನು ನೋಡಬೇಕು ಎಂಬುದು ನಿಮಗೂ ಗೊತ್ತಿರಲಿ.

ಮೊದಲು ನೋಡಿ: ದೋಷ ಬ್ಯಾಟರಿಯದೇ?

ಬೆಳಿಗ್ಗೆ ಸೆಲ್ಫ್ ಹೊಡೆದಾಗ ಇಂಜಿನ್ ನಿಧಾನವಾಗಿ ತಿರುಗುವುದು, ಬರೀ ‘ಕಟ್ ಕಟ್’ ಸದ್ದು ಬರುವುದು, ಆಗ ಹೆಡ್‌ಲೈಟ್ ತೀರ ಮಂಕಾಗುವುದು ಬ್ಯಾಟರಿ ಸೊರಗಿದ ಲಕ್ಷಣಗಳು. ಹಾಗೆಂದ ಕೂಡಲೇ ಹೊಸದಕ್ಕೆ ಹೋಗಬೇಡಿ. ಮೂರು ವಿಷಯ ಪರೀಕ್ಷೆ ಮಾಡಿಸಿ.

ಒಂದು, ಟರ್ಮಿನಲ್. ಅದರ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಇಲ್ಲವೆ ಕ್ಲ್ಯಾಂಪ್ ಸಡಿಲವಾಗಿದ್ದರೆ ಒಳ್ಳೆಯ ಬ್ಯಾಟರಿಯೂ ಕೈ ಕೊಡುತ್ತದೆ.

ಎರಡು, ಚಾರ್ಜಿಂಗ್. ಇಂಜಿನ್ ಚಾಲೂ ಇದ್ದಾಗ 12 ವೋಲ್ಟಿನ ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ ಸುಮಾರು 13.8ರಿಂದ 14.4 ವೋಲ್ಟ್ ತೋರಿಸಬೇಕು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. 15 ವೋಲ್ಟ್ ದಾಟಿದರೆ ಅದೂ ದೋಷವೇ. ಬ್ಯಾಟರಿ ಕುದ್ದು ನೀರು ಆರುತ್ತದೆ. ಈ ದೋಷ ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಹಾಳಾಗುತ್ತದೆ.

ಮೂರು, ಬ್ಯಾಟರಿಯ ಸ್ಥಿತಿ. ರಾತ್ರಿಯಿಡೀ ಗಾಡಿ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚು ಕಡಿಮೆ ಖಾಲಿ. ಪೂರ್ತಿ ಚಾರ್ಜ್ ಮಾಡಿಸಿ ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಆಗಲೂ ನಿಲ್ಲದಿದ್ದರೆ ಬ್ಯಾಟರಿಯ ಆಯುಷ್ಯ ಮುಗಿದಿದೆ ಎಂದರ್ಥ. ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿದರೆ ಇನ್ನೂ ಖಚಿತ.

ನೀರು ಹಾಕುವ ಬ್ಯಾಟರಿಯಾದರೆ ಮೆಕ್ಯಾನಿಕ್ ಹೈಡ್ರೋಮೀಟರ್ ಇಟ್ಟು ನೋಡುತ್ತಾರೆ. ಇದು ನಿಮಗೆ ಹೊಸದೇನಲ್ಲ, ಸಂಘದ ಲ್ಯಾಕ್ಟೋಮೀಟರಿನ ಅಣ್ಣನಂತೆ. ಹಾಲಿಗೆ ನೀರು ಬೆರೆತರೆ ಲ್ಯಾಕ್ಟೋಮೀಟರ್ ಕೆಳಗೆ ಮುಳುಗುತ್ತದಲ್ಲವೆ? ಬ್ಯಾಟರಿ ಖಾಲಿಯಾದಂತೆ ಅದರ ದ್ರವದಲ್ಲಿನ ಆಮ್ಲ ಕಡಿಮೆಯಾಗಿ ದ್ರವ ತೆಳುವಾಗುತ್ತದೆ, ಹೈಡ್ರೋಮೀಟರೂ ಹಾಗೇ ಮುಳುಗುತ್ತದೆ. ತುಂಬಿದ ಬ್ಯಾಟರಿಯಲ್ಲಿ 1.240 ಅಥವಾ ಅದಕ್ಕಿಂತ ಮೇಲೆ ಇರಬೇಕು; 1.200ಕ್ಕೆ ಇಳಿದರೆ ಚಾರ್ಜ್ ಬೇಕು. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳಿರುತ್ತವೆ. ಐದು ಸರಿಯಿದ್ದು ಒಂದೇ ಬಹಳ ಕೆಳಗಿದ್ದರೆ ಆ ಕೋಣೆ ಹೋಗಿದೆ. ಎಷ್ಟು ಚಾರ್ಜ್ ಮಾಡಿಸಿದರೂ ಉಪಯೋಗವಿಲ್ಲ.

ಹೊಸದನ್ನು ಆರಿಸುವಾಗ ಐದು ಮಾತು

1. ಅಳತೆ ಹಳೆಯದರದ್ದೇ ಇರಲಿ. ಗಾಡಿಯ ಪುಸ್ತಕದಲ್ಲಿ ಎಷ್ಟು ವೋಲ್ಟ್, ಎಷ್ಟು ಎ.ಎಚ್. (ಆಂಪಿಯರ್ ಅವರ್) ಎಂದು ಬರೆದಿರುತ್ತದೆ. ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ 75ರಿಂದ 100 ಎ.ಎಚ್. ಇರುತ್ತದೆ, ಸಣ್ಣ ಗೂಡ್ಸ್ ಗಾಡಿಗೆ ಕಡಿಮೆ ಸಾಕು. ಹೇಳಿದ್ದಕ್ಕಿಂತ ಕಡಿಮೆಯದನ್ನು ಅಗ್ಗವೆಂದು ತರಬೇಡಿ. ಗಾತ್ರ, ಪ್ಲಸ್-ಮೈನಸ್ ಯಾವ ಕಡೆಗಿದೆ ಎಂಬುದೂ ಹೊಂದಬೇಕು. ಹೊರಡುವ ಮೊದಲು ಹಳೆ ಬ್ಯಾಟರಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ.

2. ದೊಡ್ಡ ಲಾರಿ, ಟ್ಯಾಂಕರಿಗೆ ಜೋಡಿ. 24 ವೋಲ್ಟಿನ ಗಾಡಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿರುತ್ತಾರೆ. ಒಂದು ಹಳೆಯದು, ಒಂದು ಹೊಸದು ಇಟ್ಟರೆ ಹಳೆಯದು ಹೊಸದನ್ನೂ ಎಳೆದು ಕೆಡವುತ್ತದೆ. ಒಂದೇ ಕಂಪನಿಯ, ಒಂದೇ ಅಳತೆಯ ಎರಡನ್ನೂ ಒಟ್ಟಿಗೆ ಬದಲಾಯಿಸಿ.

3. ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ಸುಮ್ಮನೆ ಕುಳಿತ ಬ್ಯಾಟರಿಯೂ ಸೊರಗುತ್ತದೆ. ಮೂರು ನಾಲ್ಕು ತಿಂಗಳೊಳಗಿನದ್ದು ಸಿಕ್ಕರೆ ಒಳ್ಳೆಯದು. ಮೀಟರ್ ಹಿಡಿದು 12.5ರ ಮೇಲೆ ಇದೆಯೇ ಎಂದು ಅಲ್ಲೇ ನೋಡಿಸಿ.

4. ವಾರಂಟಿಯನ್ನು ಬಿಡಿಸಿ ಕೇಳಿ. ‘36 ತಿಂಗಳು’ ಎಂದರೆ 36 ತಿಂಗಳೂ ಪುಕ್ಕಟೆ ಬದಲಿ ಎಂದಲ್ಲ. ಮೊದಲ ಕೆಲವು ತಿಂಗಳು ಪುಕ್ಕಟೆ, ಉಳಿದ ಅವಧಿಗೆ ಬೆಲೆಯಲ್ಲಿ ರಿಯಾಯಿತಿ ಮಾತ್ರ ಇರುವುದುಂಟು. ಎಷ್ಟು ತಿಂಗಳು ಪುಕ್ಕಟೆ ಎಂದು ಕಾರ್ಡಿನಲ್ಲೇ ಓದಿಸಿಕೊಳ್ಳಿ. ಸೀರಿಯಲ್ ನಂಬರ್, ದಿನಾಂಕ, ಅಂಗಡಿಯ ಸಿಕ್ಕೆ ಇಲ್ಲದ ಕಾರ್ಡು ನಡೆಯುವುದಿಲ್ಲ. ಬಿಲ್ಲನ್ನು ಹಾಲಿನ ಪಾಸ್‌ಬುಕ್ಕಿನ ಜೊತೆಗೇ ಇಡಿ.

5. ಇನ್ವರ್ಟರಿನದು ಬೇರೆ, ಗಾಡಿಯದು ಬೇರೆ. ಗಾಡಿಯ ಬ್ಯಾಟರಿ ಒಂದೆರಡು ಕ್ಷಣ ಜೋರಾಗಿ ಕರೆಂಟ್ ಕೊಡಲು ಮಾಡಿದ್ದು. ಇನ್ವರ್ಟರಿನದು ತಾಸುಗಟ್ಟಲೆ ನಿಧಾನವಾಗಿ ಕೊಡಲು ಮಾಡಿದ್ದು. ಸಂಘದಲ್ಲಿ ಹಾಲು ಪರೀಕ್ಷೆಯ ಯಂತ್ರಕ್ಕೆ ಗಾಡಿಯ ಹಳೆ ಬ್ಯಾಟರಿ ಜೋಡಿಸಿದರೆ ಕರೆಂಟ್ ಹೋದಾಗ ಅದು ಹೆಚ್ಚು ಹೊತ್ತು ತಾಳುವುದಿಲ್ಲ.

‘ಮೇಂಟೆನೆನ್ಸ್ ಫ್ರೀ’ ಬ್ಯಾಟರಿಗೆ ನೀರು ಹಾಕುವ ಕೆಲಸವಿಲ್ಲ. ನೀರು ನೋಡಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದಿದ್ದರೆ ಅದೇ ಮೇಲು. ಆದರೆ ಟರ್ಮಿನಲ್ ಶುಚಿ, ಬಿಗಿ ಕ್ಲ್ಯಾಂಪ್, ಸರಿಯಾದ ಚಾರ್ಜಿಂಗ್ ಅದಕ್ಕೂ ಬೇಕು.

ಕಾಪಾಡುವುದು ಹೇಗೆ?

ಬ್ಯಾಟರಿಗೆ ನಮ್ಮ ಕಡೆ ಬಿಸಿಲೇ ದೊಡ್ಡ ಶತ್ರು. ಚಳಿಯಲ್ಲಿ ಸ್ಟಾರ್ಟ್ ಆಗದಿದ್ದಾಗ ದೋಷ ಕಣ್ಣಿಗೆ ಬೀಳುತ್ತದೆ, ನಿಜವಾಗಿ ಅದು ಕೆಟ್ಟಿರುವುದು ಹಿಂದಿನ ಬೇಸಿಗೆಯಲ್ಲಿ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಯುಗಾದಿಯಿಂದ ಮಳೆ ಹಿಡಿಯುವವರೆಗೆ 15 ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು, ಶುದ್ಧ ಕುಡಿಯುವ ನೀರಿನ ಘಟಕದ ನೀರು, ಬಾಟಲಿ ನೀರು ಯಾವುದೂ ಬೇಡ. ಅವುಗಳಲ್ಲಿ ಉಳಿದ ಲವಣ ಒಳಗಿನ ಫಲಕಗಳನ್ನು ತಿನ್ನುತ್ತದೆ. ಆ್ಯಸಿಡ್ ಅಂತೂ ಹಾಕಲೇಬಾರದು.

ಹಾಲಿನ ಗಾಡಿ ಊರೂರಿಗೆ ನಿಂತು ಹೊರಡುತ್ತದೆ. ಪ್ರತಿ ಸಲ ಸೆಲ್ಫ್ ಹೊಡೆದಾಗ ಖರ್ಚಾದ ಕರೆಂಟ್ ಎರಡು ಕಿಲೋಮೀಟರ್ ಓಡಿದ ಮಾತ್ರಕ್ಕೆ ಪೂರ್ತಿ ತುಂಬುವುದಿಲ್ಲ. ಇಂಜಿನ್ ನಿಂತಾಗ ಲೈಟು, ಹಾಡು ಬಂದ್ ಇರಲಿ. ವಾರಕ್ಕೊಮ್ಮೆಯಾದರೂ ದೂರದ ಓಟ ಸಿಗದಿದ್ದರೆ ತಿಂಗಳಿಗೊಮ್ಮೆ ಹೊರಗಡೆ ಚಾರ್ಜ್ ಮಾಡಿಸಿ. ಅರ್ಧ ಹಿಂಡಿ ಬಿಟ್ಟ ಎಮ್ಮೆಯ ಹಾಲು ದಿನದಿಂದ ದಿನಕ್ಕೆ ಇಳಿಯುವಂತೆ, ಅರ್ಧ ತುಂಬಿದ ಬ್ಯಾಟರಿಯ ಶಕ್ತಿಯೂ ಇಳಿಯುತ್ತಾ ಹೋಗುತ್ತದೆ. ಹಂಗಾಮು ಮುಗಿದು ಟ್ರ್ಯಾಕ್ಟರ್ ತಿಂಗಳುಗಟ್ಟಲೆ ನಿಲ್ಲುವುದಾದರೆ ಮೈನಸ್ ತಂತಿ ಬಿಚ್ಚಿಡಿ, ನಡುನಡುವೆ ಚಾರ್ಜ್ ಮಾಡಿಸಿ.

ಟರ್ಮಿನಲ್ ಮೇಲಿನ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರು ಮತ್ತು ಹಳೆ ಬ್ರಷ್‌ನಿಂದ ತೆಗೆಯಿರಿ. ಬ್ಯಾಟರಿಯ ಮುಚ್ಚಳಗಳು ಭದ್ರವಾಗಿರಲಿ, ಸೋಡಾ ನೀರು ಒಳಗೆ ಹೋಗಬಾರದು. ಒರೆಸಿ ಒಣಗಿಸಿ, ಕ್ಲ್ಯಾಂಪ್ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ತೊಳೆದ ನೀರು ದನದ ತೊಟ್ಟಿಗಾಗಲಿ ಗೋದಲಿಗಾಗಲಿ ಹರಿಯದಿರಲಿ.

ತಂತಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಲೋಹದ ಬಳೆ, ಉಂಗುರ ತೆಗೆದಿಡಿ. ಎರಡು ಟರ್ಮಿನಲ್‌ಗಳಿಗೆ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಸೆರಗು ಬಿಗಿದು ಸಿಕ್ಕಿಸಿಕೊಳ್ಳಿ. ಹತ್ತಿರ ಬೀಡಿ, ಬೆಂಕಿ ಬೇಡ. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಒಳಗಿನ ದ್ರವ ಮೈಗೆ, ಕಣ್ಣಿಗೆ ಸಿಡಿದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯುತ್ತಾ ಇರಿ. ಕಣ್ಣಿಗಾದರೆ ತೊಳೆದ ಮೇಲೆ ಆಸ್ಪತ್ರೆಗೆ ಹೋಗಲೇಬೇಕು.

ಹಳೆ ಬ್ಯಾಟರಿ: ಅಂದೇ ಕೊಟ್ಟು ಬನ್ನಿ

ಇನ್ನು ಮೇಲಿನದು ನನ್ನ ವೃತ್ತಿಯ ಮಾತು, ದಯವಿಟ್ಟು ಮನೆಮಂದಿಗೆಲ್ಲ ಓದಿ ಹೇಳಿ.

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ದನಗಳು, ಅದರಲ್ಲೂ ಕರುಗಳು, ಕಂಡಿದ್ದನ್ನೆಲ್ಲ ನೆಕ್ಕಿ ನೋಡುತ್ತವೆ. ಒಡೆದ ಬ್ಯಾಟರಿಯ ಒಳಗಿನ ಬೂದು ಪುಡಿಯನ್ನೂ ಬಿಡುವುದಿಲ್ಲ. ಒಣ ಮೇವಿನ ಕಾಲದಲ್ಲಿ ರಂಜಕದ ಕೊರತೆಯಿಂದ ಮಣ್ಣು, ಎಲುಬು, ಬಟ್ಟೆ ಮೆಲ್ಲುವ ದನಗಳಿಗೆ ಅಪಾಯ ಇನ್ನೂ ಹೆಚ್ಚು. ಸುಮಾರು 50 ಕಿಲೋ ತೂಕದ ಕರು ಸಾಯಲು 20ರಿಂದ 30 ಗ್ರಾಂ ಸೀಸ ಸಾಕು. ಒಂದು ಬ್ಯಾಟರಿಯಲ್ಲಿ ಇರುವುದು ಕಿಲೋಗಟ್ಟಲೆ. ಕೆಲವೊಮ್ಮೆ ತುಂಡುಗಳು ಕಣಕಿಯ ಜೊತೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಇಡೀ ಕೊಟ್ಟಿಗೆಯ ಮೇವಿನಲ್ಲಿ ಬೆರೆಯುತ್ತವೆ.

ಸೀಸ ತಿಂದ ದನಕ್ಕೆ ಕಣ್ಣು ಕಾಣುವುದಿಲ್ಲ, ಗೋಡೆಗೆ ಗೂಟಕ್ಕೆ ಡಿಕ್ಕಿ ಹೊಡೆಯುತ್ತದೆ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ. ಕಿವಿ, ರೆಪ್ಪೆ ಅದುರುತ್ತವೆ. ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಮೆಲುಕು ನಿಲ್ಲುತ್ತದೆ. ಮೊದಲು ಸಗಣಿ ಗಟ್ಟಿಯಾಗಿ ಆಮೇಲೆ ಭೇದಿಯಾಗಬಹುದು. ಕರು ಕೆಲವೊಮ್ಮೆ ಯಾವ ಲಕ್ಷಣವೂ ಕಾಣುವ ಮೊದಲೇ ಸತ್ತು ಬಿದ್ದಿರುತ್ತದೆ.

ಹೀಗೆ ಕಂಡರೆ:

- ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ರೋಗದಲ್ಲೂ (ರೇಬೀಸ್) ಹೀಗೇ ಕಾಣಬಹುದು.
- ಎಣ್ಣೆ, ಮಜ್ಜಿಗೆ, ಕಷಾಯ ಗೊಟ್ಟದಲ್ಲಿ ಕುಡಿಸಬೇಡಿ. ಶ್ವಾಸಕೋಶಕ್ಕೆ ಇಳಿಯುತ್ತದೆ.
- ಉಳಿದ ದನಗಳನ್ನು ಆ ಜಾಗದಿಂದ ಬೇರೆಡೆ ಕಟ್ಟಿ, ಆ ಮೇವು ನಿಲ್ಲಿಸಿ.
- ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಕರೆ ಮಾಡಿ. ಬ್ಯಾಟರಿ ಬಿದ್ದಿತ್ತು ಎಂಬುದನ್ನು ಮುಚ್ಚಿಡದೆ ಮೊದಲೇ ಹೇಳಿ. ಇದಕ್ಕೆ ಚಿಕಿತ್ಸೆ ಇದೆ. ಬೇಗ ಸಿಕ್ಕಷ್ಟೂ ಬದುಕುವ ಆಸೆ ಹೆಚ್ಚು.
- ಆ ದನದ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಸೀಸ ಹಾಲಿಗೆ ಇಳಿಯುತ್ತದೆ, ಕಾಯಿಸಿದರೆ ಹೋಗುವುದಿಲ್ಲ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಕಿಲೋ ಹಾಲಿನಲ್ಲಿ 0.02 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರುವಂತಿಲ್ಲ. ದನ ಚೇತರಿಸಿಕೊಂಡ ಮೇಲೂ ಡಾಕ್ಟರು ಹೇಳುವವರೆಗೆ ತಡೆಯಿರಿ. ನುಂಗಿದ ಸೀಸದ ಚೂರುಗಳು ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯಬಹುದು.

ದನಕ್ಕಷ್ಟೇ ಅಲ್ಲ, ಮಕ್ಕಳಿಗೂ ಇದು ವಿಷ. ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಆತಂಕ ಪಡುವಷ್ಟು ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ಹೇಳಿತು. ಹಳೆ ಬ್ಯಾಟರಿಗಳನ್ನು ಕಂಡಕಂಡಲ್ಲಿ ಒಡೆದು ಕರಗಿಸುವುದು ಅದಕ್ಕೆ ದೊಡ್ಡ ಕಾರಣ. ಅದು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. ಆದ್ದರಿಂದ ಮನೆಯ ಹತ್ತಿರ ಬ್ಯಾಟರಿ ಒಡೆಯಲು ಯಾರಿಗೂ ಬಿಡಬೇಡಿ. ಬೀದಿಯಲ್ಲಿ ಬರುವ ಗುಜರಿಯವರಿಗೂ ಕೊಡಬೇಡಿ.

ಹೊಸದು ತಂದ ಅಂಗಡಿಗೇ ಹಳೆಯದನ್ನು ಕೊಡಿ. ಬಳಸಿದ ಬ್ಯಾಟರಿಯನ್ನು ವಾಪಸ್ ಪಡೆಯುವ ವ್ಯವಸ್ಥೆ 2001ರ ನಿಯಮಗಳಲ್ಲೇ ಬಂದಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯದಕ್ಕೆ ಬೆಲೆಯೂ ಉಂಟು. ಅಷ್ಟನ್ನು ಹೊಸದರ ದರದಲ್ಲಿ ಇಳಿಸಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ‘ಇರಲಿ, ಮುಂದೆ ಯಾವುದಕ್ಕಾದರೂ ಬಂದೀತು’ ಎಂದು ಮನೆಗೆ ತಂದ ಹಳೆ ಬ್ಯಾಟರಿಯಿಂದ ಉಳಿಯುವ ದುಡ್ಡಿಗಿಂತ ಒಂದು ಕರುವಿನ ಬೆಲೆ ಬಹಳ ಹೆಚ್ಚು.

ಗೋಡೆಗೆ ಅಂಟಿಸಿಕೊಳ್ಳಿ

- ಹೊಸದು ಕೊಳ್ಳುವ ಮೊದಲು ಟರ್ಮಿನಲ್, ಚಾರ್ಜಿಂಗ್ ನೋಡಿಸಿ.
- ಅಳತೆ, ತಯಾರಾದ ತಿಂಗಳು, ಪುಕ್ಕಟೆ ಬದಲಿಯ ಅವಧಿ ಕೇಳಿ.
- ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ನೀರಿನ ಮಟ್ಟ. ಡಿಸ್ಟಿಲ್ಡ್ ವಾಟರ್ ಮಾತ್ರ.
- ಹಳೆಯದನ್ನು ಅಂದೇ ಅಂಗಡಿಗೆ ಕೊಡಿ.
- ದನಗಳಿಗೆ ದಿನಾ ಖನಿಜ ಮಿಶ್ರಣ ತಿನ್ನಿಸಿ. ಕಂಡಿದ್ದನ್ನು ನೆಕ್ಕುವ ಚಟ ಕಡಿಮೆಯಾಗುತ್ತದೆ.

ಈ ಸಂಚಿಕೆ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಕೊಟ್ಟಿಗೆ, ಬಣವಿ, ಬಾವಿಯ ಪಂಪ್‌ಸೆಟ್ ಮನೆ, ಹಿತ್ತಲು ಒಮ್ಮೆ ಸುತ್ತಿ ನೋಡಿ. ಗಾಡಿಯದ್ದಾಗಲಿ, ಔಷಧಿ ಹೊಡೆಯುವ ಪಂಪಿನದ್ದಾಗಲಿ, ಬೇಲಿಯ ಝಟಕಾ ಯಂತ್ರದ್ದಾಗಲಿ ಹಳೆ ಬ್ಯಾಟರಿ ಕಂಡರೆ ದನ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಮುಂದಿನ ಸಂತೆಯ ದಿನ ಅಂಗಡಿಗೆ ತಲುಪಿಸಿ. ಸಂಘದಲ್ಲಿ ಹಾಲು ಹಾಕಲು ಬಂದ ಅಕ್ಕಪಕ್ಕದವರಿಗೂ ಹೇಳಿ.

— ಪಶುವೈದ್ಯಾಧಿಕಾರಿ